ಹೀರೆ ಸಸಿಗೆ ಮದುವೆ ಪಂಚೆ

೧೩ ಮೇ ೨೦೨೦, ಬುಧವಾರ, ಕಾರ್ಕ್

ಇವತ್ತು ರಾತ್ರಿಯೂ ಫ್ರಾಸ್ಟ್ ಅಂತೆ, ಇಬ್ಬನಿಯೇ ಹೆಪ್ಪುಗಟ್ಟುವ ಚಳಿ. ಹೀರೆ ಸಸಿ ಒಂದೇ ರಾತ್ರಿಗೆ ಕರಟಿಹೋಗುತ್ತದೆ.

ಮೇ ಅರ್ಧ ಕಳೆಯುವವರೆಗೆ ನೆಡಬೇಡ ಎಂದು ಪಕ್ಕದ ಮನೆಯ ಡೋನಲ್ ಹೇಳಿದ್ದರು. ನಾನೆಲ್ಲಿ ಕೇಳಿದೆ? ಅಕ್ಷಯ ತದಿಗೆ ಒಳ್ಳೆಯ ದಿನವೆಂದು ಎಂಟನ್ನೂ ನೆಟ್ಟುಬಿಟ್ಟೆ. ಮೈಸೂರಿನಿಂದ ತಂದ ಬೀಜ ಇದ್ದದ್ದೇ ಅಷ್ಟು. ಕೊರೊನಾದಿಂದ ವಿಮಾನಗಳೂ ನಿಂತಿವೆ.

ನಿನ್ನೆ ಸಂಜೆ ಗಾಬರಿಯಲ್ಲಿ ಕಡ್ಡಿ ಊರಿ, ಕೈಗೆ ಸಿಕ್ಕ ಪಂಚೆ ಹೊದಿಸಿದೆ.

“ಲೇ, ಅದು ನಮ್ ಮದ್ವೇದು ಕಣೇ!” ಎಂದ ಸಂಪತ್.

“ಆಮೇಲೆ ಎಷ್ಟು ಸಲ ಉಟ್ಟಿದೀಯ?” ಅಂದೆ. ಗಂಡ ಪಂಚೆಯ ತುದಿಗೆ ಕಲ್ಲಿಟ್ಟ.

ಬೆಳಿಗ್ಗೆ ಪಂಚೆ ಹಪ್ಪಳದಂತೆ ಸೆಟೆದಿತ್ತು. ಎತ್ತಿದರೆ ಎಂಟೂ ಸಸಿ ಹಸಿರು! ಗೋಡೆಯಾಚೆಯಿಂದ ಡೋನಲ್ ಅದೇನೆಂದು ಕೇಳಿದರೆ, ನಮ್ಮ ತನ್ವಿ “ಡ್ಯಾಡ್ಸ್ ವೆಡ್ಡಿಂಗ್ ಸ್ಕರ್ಟ್!” ಎಂದು ಕೂಗಿದಳು.

ಅವರ ಆಲೂಗಡ್ಡೆ ಗಿಡಗಳ ಎಲೆಯೆಲ್ಲ ಕಪ್ಪಾಗಿತ್ತು. ಅಪ್ಪನ ಕಾಲದಿಂದಲೂ ಮಾರ್ಚ್ ತಿಂಗಳ ಸೇಂಟ್ ಪ್ಯಾಟ್ರಿಕ್ ಹಬ್ಬದಂದೇ ನೆಡುವುದಂತೆ. ನನಗೆ ಬುದ್ಧಿ ಹೇಳಿದವರು! ಸಂಜೆ ಮೆಲ್ಲಗೆ, “ಇನ್ನೊಂದು ಇದೆಯಾ?” ಎಂದರು.

ಪಂಚೆಯ ಜೊತೆಯ ಶಲ್ಯವನ್ನು ಗೋಡೆಯ ಮೇಲಿಟ್ಟು ದೂರ ನಿಂತೆ.

ಈಗ ಬೀದಿದೀಪಕ್ಕೆ ಎರಡರ ಜರಿಯೂ ಮಿನುಗುತ್ತಿದೆ, ಈಚೆ ಪಂಚೆ, ಆಚೆ ಶಲ್ಯ. ಮದುವೆಯಾದ ಮೇಲೆ ಇವೆರಡೂ ಜೋಡಿಯಾಗಿ ಹೊರಗೆ ಬಂದದ್ದು ಇವತ್ತೇ.