ಗೌರತ್ತೆ ಆರಿಸಿದ ಕಾಲೇಜು

ನನ್ನ ಗೌರತ್ತೆಗೆ,

ನಿನಗೆ ಬರುತ್ತಿದ್ದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ, ನೆನಪಿದೆಯಾ? ನೀನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ನಾನು ಒಂದು ಸಾಲು ಹಾರಿಸಿದರೂ ನಿನಗೆ ಗೊತ್ತಾಗಿಬಿಡುತ್ತಿತ್ತು. "ಅಲ್ಲೇನೋ ನುಂಗ್ದೆ ಕಣೇ ಸುಸೀಲ, ಓದು" ಎಂದು ಗದರುತ್ತಿದ್ದೆ. ಈ ಕಾಗದವನ್ನು ನಿನಗೆ ಯಾರು ಓದಿ ಹೇಳುತ್ತಾರೋ ಕಾಣೆ. ಆದರೂ ಬರೆಯದೆ ಇರಲು ಆಗುತ್ತಿಲ್ಲ. ನಿನ್ನೆಯ ಟಪಾಲಿನಲ್ಲಿ ಒಂದು ಸುದ್ದಿ ಬಂದಿದೆ. ಅದನ್ನು ಮೊದಲೇ ಹೇಳಿದರೆ ನೀನು ಮಿಕ್ಕದ್ದನ್ನು ಕೇಳುವುದಿಲ್ಲ, ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಹೇಳಲು ಹೊರಟುಬಿಡುತ್ತೀಯ. ಅದಕ್ಕೇ ಕಡೆಗೆ ಹೇಳುತ್ತೇನೆ, ಸ್ವಲ್ಪ ತಾಳು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದ ಮಾರನೆಯ ವರ್ಷ, ನನ್ನ ಪಿ.ಯು.ಸಿ. ಫಲಿತಾಂಶ ಬಂದ ದಿನ. ನೀನು ರೇಷ್ಮೆಹುಳುವಿನ ಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆ. ಅಪ್ಪ ಜಗುಲಿಯಿಂದಲೇ ತೀರ್ಮಾನ ಹೇಳಿಬಿಟ್ಟರು. "ಪಾಸಾದಳಲ್ಲ, ಸಾಕು. ಟೀಚರ್ ಟ್ರೈನಿಂಗಿಗೆ ಹಾಕ್ತೀನಿ. ಆಮೇಲೆ ಗಂಡು ನೋಡೋದು." ನನಗೆ ಎಲ್ಲಿಂದ ಧೈರ್ಯ ಬಂತೋ. "ಅಪ್ಪಾ, ನಾನು ಬಿ.ಎಸ್ಸಿ. ಓದ್ತೀನಿ. ಅನ್ವಯಿಕ ಗಣಿತ" ಎಂದೆ. ಆ ಹೆಸರನ್ನು ನಾನೂ ನಮ್ಮ ದೇವನಹಳ್ಳಿ ಕಾಲೇಜಿನ ಗಣಿತದ ಮೇಷ್ಟರ ಬಾಯಲ್ಲಿ ಆರು ತಿಂಗಳ ಹಿಂದಷ್ಟೇ ಕೇಳಿದ್ದು. ಅಪ್ಪ ನಕ್ಕರು. "ಲೆಕ್ಕ ಓದಿ ಅಂಗಡಿ ಇಡ್ತೀಯೇನೇ?"

ನೀನು ನಗಲಿಲ್ಲ. ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ, "ಅಂಗಂದ್ರೆ ಏನೇ ಅದು?" ಎಂದು ಕೇಳಿದೆ. ನಾನು ತಡವರಿಸಿದೆ. ಕೆರೆಯ ತೂಬು ಇಷ್ಟು ಎತ್ತಿದರೆ ಇಷ್ಟು ಹೊತ್ತಿನಲ್ಲಿ ಎಷ್ಟು ನೀರು ಹೋಗುತ್ತದೆ, ಆ ನೀರು ಎಷ್ಟು ಗದ್ದೆಗೆ ಸಾಕು, ಇಂಥದ್ದನ್ನೆಲ್ಲ ಮೊದಲೇ ಲೆಕ್ಕ ಹಾಕಿ ಹೇಳುವ ವಿದ್ಯೆ ಎಂದೆ. ಅದಕ್ಕೆ ನೀನು, "ಅದು ನಮ್ಮ ನೀರುಗಂಟಿಗೂ ಗೊತ್ತು. ಆದ್ರೆ ಆ ಮುಂಡೇದು ಯಾರಿಗೂ ಹೇಳಾಕಿಲ್ಲ. ನೀನು ಕಲ್ತು ಎಲ್ರಿಗೂ ಹೇಳು" ಎಂದೆ. ಅಷ್ಟೇ. ನನ್ನ ಓದು ಅಲ್ಲೇ ನಿಶ್ಚಯವಾಯಿತು ಎಂದು ಈಗ ಅನ್ನಿಸುತ್ತದೆ.

ಅಪ್ಪ ನಿನಗಿಂತ ನಾಲ್ಕು ವರ್ಷ ಚಿಕ್ಕವರು. ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಹುಳು ಸಾಕಿ, ವಿಜಯಪುರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಗಂಡಸರ ನಡುವೆ ನಿಂತು ವ್ಯಾಪಾರ ಮಾಡುವ ಅಕ್ಕನಿಗೆ ಅವರು ಎದುರು ಹೇಳಿದ್ದನ್ನು ನಾನು ಕಂಡಿಲ್ಲ. ಆದರೆ ಅವತ್ತು ಒಪ್ಪಿಕೊಂಡೂ ಬಿಡಲಿಲ್ಲ. "ಆಯ್ತಕ್ಕ. ಟ್ರೈನಿಂಗಿನ ಅರ್ಜಿಗೆ ಇನ್ನು ಎಂಟು ದಿನ ಐತೆ. ಅಷ್ಟರೊಳಗೆ ಕಾಲೇಜು ಹುಡುಕು. ಡೊನೇಷನ್ ಕೇಳಬಾರದು. ದಿನಾ ಹೋಗಿ ದಿನಾ ಬರೋ ಹಂಗಿರಬೇಕು. ಹೆಸರಿಗಷ್ಟೇ ಕಾಲೇಜು ಆಗಬಾರದು, ಅಲ್ಲಿ ಪಾಠ ನಡೀಬೇಕು. ಸಿಗಲಿಲ್ಲ ಅಂದ್ರೆ ನಾನು ಹೇಳಿದ್ದೇ." ನೀನು "ಸರಿ ಕಣಪ್ಪ" ಎಂದು ಮತ್ತೆ ಸೊಪ್ಪು ಹೆಚ್ಚತೊಡಗಿದೆ.

ಸೋಮವಾರ ಬೆಳಿಗ್ಗೆ ನಾವಿಬ್ಬರೂ ನಗರಕ್ಕೆ ಹೋಗುವ ಮೊದಲ ಕೆಂಪು ಬಸ್ಸು ಹತ್ತಿದೆವು. ನೀನು ಮದುವೆಮನೆಗೆ ಉಡುವ ನೀಲಿ ಸೀರೆ ಉಟ್ಟಿದ್ದೆ. ಬುತ್ತಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊದಲು ಹೋದದ್ದು ದೊಡ್ಡ ಹೆಸರಿನ ಒಂದು ಕಾಲೇಜಿಗೆ. ಕಲ್ಲಿನ ಕಮಾನು, ಗುಲಾಬಿ ತೋಟ, ಗಡಿಯಾರದ ಗೋಪುರ... ನಾನಂತೂ ಬಾಗಿಲಲ್ಲೇ ಮರುಳಾಗಿಬಿಟ್ಟೆ. ಅರ್ಜಿ ತರಲು ಆಫೀಸಿನ ಕಡೆ ಓಡಿದರೆ ನೀನು ಹಿಂದೆ ಬರಲೇ ಇಲ್ಲ. ತಿರುಗಿ ನೋಡಿದರೆ, ಎದುರಿನ ಬಸ್ ಸ್ಟಾಪಿನಲ್ಲಿ ಪುಸ್ತಕ ಹಿಡಿದು ನಿಂತಿದ್ದ ಮೂವರು ಹುಡುಗಿಯರ ಮಧ್ಯೆ ನಿಂತಿದ್ದೀಯ!

"ಏನವ್ವಾ, ನೀವು ಲೆಕ್ಕ ಓದೋರಾ? ನಿಮ್ಮ ಮೇಷ್ಟ್ರು ದಿನಾ ಬತ್ತಾರಾ? ಅರ್ತ ಆಗ್ನಿಲ್ಲ ಅಂದ್ರೆ ಇನ್ನೊಂದು ಕಿತ ಹೇಳ್ತಾರಾ?" ಹುಡುಗಿಯರು ಮುಖ ಮುಖ ನೋಡಿಕೊಂಡರು. ಕನ್ನಡಕದ ಹುಡುಗಿಯೊಬ್ಬಳು ಮೆಲ್ಲಗೆ, "ಅಪ್ಲೈಡ್ ಪೇಪರಿಗೆ ಎರಡು ವರ್ಷದಿಂದ ಯಾರೂ ಇಲ್ಲಮ್ಮ. ನಾವೆಲ್ಲ ಹೊರಗಡೆ ಟ್ಯೂಷನ್ನಿಗೆ ಹೋಗ್ತೀವಿ" ಎಂದಳು. ನೀನು ನನ್ನ ಕೈ ಹಿಡಿದು ಮುಂದಿನ ಬಸ್ಸಿಗೆ ಎಳೆದೆ. ನಾನು ಅಳುವಂತಾಗಿ, "ಒಳಗೆ ಹೋಗಿ ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ" ಎಂದರೆ ನಿನ್ನ ಉತ್ತರ ಏನಿತ್ತು ಹೇಳು? "ಮಾರ್ಕೆಟ್ಟಲ್ಲಿ ನಾನು ಯಾವತ್ತಾದ್ರೂ ಮೇಲಿನ ಗೂಡು ನೋಡಿ ಬೆಲೆ ಕಟ್ಟಿದ್ದೀನೇನೇ? ರಾಶಿಯ ಅಡಿಗೆ ಕೈ ಹಾಕಿ ತೆಗೀತೀನಿ. ಆಫೀಸಿನೋರು ಮೇಲಿರೋ ಗೂಡು. ಓದ್ತಾ ಇರೋ ಮಕ್ಕಳು ಅಡಿಯ ಗೂಡು."

ಮೂರು ದಿನದಲ್ಲಿ ಐದು ಕಾಲೇಜು ನೋಡಿದೆವಲ್ಲ, ಅದರಲ್ಲಿ ಆ ಹೊಸ ಕಾಲೇಜಿನ ಗುಮಾಸ್ತರನ್ನು ನೆನೆದರೆ ನನಗೆ ಈಗಲೂ ನಗು. ನಮ್ಮನ್ನು ಕೂರಿಸಿ, ಕಾಫಿ ತರಿಸಿ, "ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ತಾನೆ? ಇದೆ, ಇದೆ, ಸೇರಿಸಿಬಿಡಿ" ಎಂದರು. ಫೀಸೂ ಕಡಿಮೆ. ನನಗೆ ಕುಣಿಯುವಷ್ಟು ಖುಷಿ. ನೀನು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಓದ ವರ್ಸ ಎಷ್ಟು ಮಕ್ಕಳಿದ್ರು ಸ್ವಾಮಿ ಅದ್ರಲ್ಲಿ?" ಎಂದೆ. ಗುಮಾಸ್ತರು ಕಾಗದ ತಿರುವಿದರು. "ಈ ವರ್ಷ ಹತ್ತು ಜನ ಬಂದ್ರೆ ಶುರು ಮಾಡ್ತೀವಮ್ಮ." "ಬರ್ನಿಲ್ಲ ಅಂದ್ರೆ?" "ಬಾಟನಿಗೆ ಹಾಕ್ತೀವಿ." ನೀನು ಎದ್ದುನಿಂತೆ. "ಸೊಪ್ಪಿನ ಇಚಾರ ನಂಗೇ ಗೊತ್ತು, ಇವಳಿಗೆ ನಾನೇ ಹೇಳ್ಕೊಡ್ತೀನಿ" ಎಂದು ಹೇಳಿ ಹೊರಟೆಯಲ್ಲ!

ಮೂರನೆಯ ದಿನ ಮಧ್ಯಾಹ್ನ ಸರ್ಕಾರಿ ಕಾಲೇಜಿಗೆ ಹೋದಾಗ ನನಗೆ ಆಸೆಯೇ ಉಳಿದಿರಲಿಲ್ಲ. ಸುಣ್ಣ ಉದುರಿದ ಗೋಡೆ, ಕಾಲು ಮುರಿದ ಬೆಂಚು. ಆದರೆ ಅಲ್ಲಿಯ ಹುಡುಗಿಯರು ನಿನ್ನ ಪ್ರಶ್ನೆಗೆ ಮುಖ ಮುಖ ನೋಡಿಕೊಳ್ಳಲಿಲ್ಲ. ಒಬ್ಬರ ಮೇಲೊಬ್ಬರು ಬಿದ್ದು ಉತ್ತರ ಕೊಟ್ಟರು. ಗಣಿತಕ್ಕೇ ನಾಲ್ಕು ಜನ ಮೇಷ್ಟರು, ಅವರಲ್ಲಿ ಒಬ್ಬರು ಹೆಂಗಸು. ಹಳ್ಳಿಯಿಂದ ಬಂದ ಮಕ್ಕಳಿಗೆ ಲೈಬ್ರರಿಯಿಂದ ವರ್ಷವೆಲ್ಲ ಪುಸ್ತಕ. ಅರ್ಥವಾಗದಿದ್ದರೆ ಸಂಜೆ ನಿಲ್ಲಿಸಿಕೊಂಡು ಹೇಳುತ್ತಾರೆ. "ಬನ್ನಿ, ನಮ್ಮ ಮೇಡಂನ ತೋರಿಸ್ತೀವಿ" ಎಂದು ನಿನ್ನನ್ನು ಎಳೆದುಕೊಂಡೇ ಹೋದರು.

ಆ ಮೇಡಂ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದರು. ನೀನು ನೇರವಾಗಿ, "ಈ ಅನ್ವಯಿಕ ಅನ್ನೋದು ನಂಗೆ ಅರ್ತ ಆಗೋ ಹಂಗೆ ಹೇಳಿ ತಾಯಿ. ನಂಗೆ ಅರ್ತ ಆದ್ರೆ ನಮ್ಮ ಹುಡುಗೀನ ಇಲ್ಲೇ ಸೇರಿಸ್ತೀನಿ" ಎಂದೆ. ನನಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗುವಂತಾಯಿತು. ಅವರು ಮಾತ್ರ ಕೈ ಒರೆಸಿಕೊಂಡು ನಿನ್ನ ಪಕ್ಕ ಕೂತರು. "ಬಾವೀಲಿ ನೀರು ಸೇದ್ತೀರಲ್ಲಮ್ಮ, ಮೇಲೆ ಒಂದು ರಾಟೆ ಇರುತ್ತೆ. ಇನ್ನೊಂದು ರಾಟೆಯನ್ನ ಕೊಡಕ್ಕೇ ಕಟ್ಟಿ, ಹಗ್ಗವನ್ನ ಎರಡರ ಮೇಲೂ ಹಾಯಿಸಿದ್ರೆ ಅರ್ಧ ಬಲದಲ್ಲೇ ಕೊಡ ಮೇಲೆ ಬರುತ್ತೆ. ಯಾಕೆ ಬರುತ್ತೆ, ಎಷ್ಟು ಬಲ ಸಾಕು ಅಂತ ಬರೆದು ತೋರಿಸೋದೇ ಈ ಗಣಿತ." ನೀನು ಗಾಳಿಯಲ್ಲಿ ಕೈಯಿಂದ ಹಗ್ಗ ಎಳೆದು ನೋಡಿಕೊಂಡೆ. "ಅಂಗಾದ್ರೆ ಹಗ್ಗ ಜಾಸ್ತಿ ಎಳೀಬೇಕಾಗ್ತದೆ ಅಲ್ವರಾ? ಎರಡರಷ್ಟು?" ಮೇಡಂ ಕಣ್ಣರಳಿಸಿ ನನ್ನ ಕಡೆ ತಿರುಗಿದರು. "ನಿಮ್ಮತ್ತೆಗೆ ಸೀಟು ಬೇಕಾದರೆ ಹೇಳಮ್ಮ, ಕೊಡಿಸ್ತೀನಿ!"

ಊರಿಗೆ ಬಂದು ಅಪ್ಪನಿಗೆ ಎಲ್ಲವನ್ನೂ ಹೇಳಿದಾಗ ಒಂದು ತೊಡಕು ಉಳಿದೇ ಇತ್ತು. ಪ್ರಾಕ್ಟಿಕಲ್ ಇರುವ ದಿನ ಬಸ್ಸು ದೊಡ್ಡ ರಸ್ತೆಯ ನಮ್ಮೂರ ಗೇಟಿಗೆ ಬರುವಾಗ ದೀಪ ಹಚ್ಚುವ ಹೊತ್ತು. ಗೇಟಿನಿಂದ ಮನೆಗೆ ಒಂದೂವರೆ ಮೈಲಿ ಹೊಲದ ದಾರಿ. "ಒಂಟಿ ಹುಡುಗಿ ಹೆಂಗಕ್ಕ ಬರ್ತಾಳೆ? ಆಗಲ್ಲ" ಎಂದರು ಅಪ್ಪ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. "ಒಂಟಿ ಯಾಕೆ ಬತ್ತಾಳೆ? ಗೇಟಲ್ಲಿ ನಾನು ನಿಂತಿರ್ತೀನಿ" ಎಂದೆ ನೀನು. "ಮೂರು ವರ್ಷಾನಾ?" "ಮೂರು ವರ್ಸ."

ನಿಂತೆ ಕೂಡ! ಮಳೆ ಬಂದರೆ ಗೋಣಿಚೀಲ ಕೊಪ್ಪೆ ಹಾಕಿಕೊಂಡು, ಚಳಿಯಲ್ಲಿ ಕಂಬಳಿ ಹೊದ್ದು. ಬಸ್ಸಿನ ಬಾಗಿಲಲ್ಲೇ ನನ್ನ ಚೀಲ ಕಿತ್ತುಕೊಂಡು "ಇವತ್ತು ಏನು ಹೇಳ್ಕೊಟ್ರು?" ಎನ್ನುತ್ತಿದ್ದೆ. ಕಲ್ಲು ಎಸೆಯುವ ಪಾಠ ಆದ ದಿನ ಮರೆಯಲಾರೆ. ನೆಟ್ಟಗೂ ಅಲ್ಲ, ಅಡ್ಡಕ್ಕೂ ಅಲ್ಲ, ಸರಿಯಾಗಿ ನಡುವೆ ಓರೆಯಾಗಿ ಎಸೆದರೆ ಕಲ್ಲು ಎಲ್ಲಕ್ಕಿಂತ ದೂರ ಹೋಗುತ್ತದೆ ಎಂದೆ ನಾನು. ನೀನು ನಂಬಲಿಲ್ಲ. ಕೊಯ್ಲಾದ ರಾಗಿ ಹೊಲಕ್ಕೆ ಇಳಿದು, ಸೆರಗು ಬಿಗಿದು, ಒಂದಾದ ಮೇಲೊಂದು ಕಲ್ಲು ಎಸೆದೆ. ನಾನು ಹೆಜ್ಜೆ ಹಾಕಿ ಅಳೆದೆ. ಆರನೆಯ ಕಲ್ಲಿಗೆ "ಹೌದಲ್ಲೇ ಸುಸೀಲಾ!" ಎಂದು ನೀನು ಕೂಗಿದ ಕೂಗಿಗೆ ಮರದಲ್ಲಿದ್ದ ಕೊಕ್ಕರೆಗಳೆಲ್ಲ ಎದ್ದುಹೋದವು. ಅಷ್ಟು ಸಂತೋಷ ನನಗೆ ಯಾವ ಪರೀಕ್ಷೆಯಲ್ಲೂ ಆಗಲಿಲ್ಲ.

ಕೊನೆಯ ವರ್ಷ ಸಂಕ್ರಾಂತಿ ಆದ ವಾರಕ್ಕೆ ನಿನಗೆ ಎದೆನೋವು ಬಂತು. ಎರಡೇ ದಿನ. ನೀನು ಹೋದಾಗ ಹುಳುಗಳು ಪೊರೆ ಕಳಚುವ ನಾಲ್ಕನೆಯ ಜ್ವರದಲ್ಲಿ ತಲೆ ಎತ್ತಿ ಮಲಗಿದ್ದವು. ಅವು ಎದ್ದ ಮೇಲೆ ಎಷ್ಟು ತಿನ್ನುತ್ತವೆ ಎಂದು ನಿನಗೆ ಹೇಳಬೇಕೇ? ಮನೆಯಲ್ಲಿ ಸೂತಕ, ನೆಂಟರ ಅಳು, ಆ ಕಡೆ ಹಸಿದ ಹುಳು. ಅಪ್ಪ ಯಾರನ್ನೂ ಕೇಳದೆ ಕುಡುಗೋಲು ಹಿಡಿದು ತೋಟಕ್ಕೆ ಹೋದರು. "ಹುಳಾನ ಹಸ್ಕೊಂಡಿರೋಕೆ ಬಿಟ್ರೆ ಅಕ್ಕ ನನ್ನ ಸುಮ್ನೆ ಬಿಡ್ತಾಳಾ?" ಎಂದರು. ನಾನೂ ಅಪ್ಪನೂ ಹಗಲೆಲ್ಲ ಸೊಪ್ಪು ಹಾಕಿದೆವು. ಬೆಳೆ ಚೆನ್ನಾಗಿ ಬಂತು ಅತ್ತೆ. ಒಂದು ತಟ್ಟೆಯೂ ಕೆಡಲಿಲ್ಲ. ಇದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ ಅಂತ...

ಹನ್ನೊಂದು ದಿನ ಕಳೆದು ನಾನು ಮತ್ತೆ ಕಾಲೇಜಿಗೆ ಹೋದ ಸಂಜೆ, ಗೇಟು ಹತ್ತಿರ ಬಂದಂತೆ ಕಿಟಕಿಯಾಚೆ ನೋಡಲು ಮನಸ್ಸಾಗಲಿಲ್ಲ. ಇಳಿದರೆ ಅಪ್ಪ ನಿಂತಿದ್ದರು. ನಿನ್ನ ಕಂಬಳಿ ಹೊದ್ದು. "ಚೀಲ ಕೊಡು" ಎಂದರು. ಅರ್ಧ ದಾರಿ ನಡೆದೆವು. ಆಮೇಲೆ ಕೆಮ್ಮಿ, ಅತ್ತ ಮುಖ ತಿರುಗಿಸಿಕೊಂಡೇ, "ಇವತ್ತು ಏನು ಹೇಳಿಕೊಟ್ರು?" ಎಂದು ಕೇಳಿದರು. ಹೇಳುತ್ತಾ ಹೇಳುತ್ತಾ ನಾನು ಅತ್ತುಬಿಟ್ಟೆ. ಅಪ್ಪನೂ. ಪರೀಕ್ಷೆ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ ಅವರು.

ಈಗ ಸುದ್ದಿ. ನನಗೆ ಮೊದಲನೆಯ ದರ್ಜೆ ಬಂತು! ಮೇಡಂ ಅವರೇ ಅರ್ಜಿ ತುಂಬಿಸಿ ಎಂ.ಎಸ್ಸಿ.ಗೆ ಹಾಕಿಸಿದರು. ಸಂದರ್ಶನದಲ್ಲಿ ಬಿಳಿ ಕೂದಲಿನ ಪ್ರೊಫೆಸರೊಬ್ಬರು ನನ್ನ ಅಂಕಪಟ್ಟಿ ನೋಡಿ, "ಇಷ್ಟು ಕಾಲೇಜು ಇರುವಾಗ ಅದನ್ನೇ ಯಾಕೆ ಆರಿಸಿಕೊಂಡೆ?" ಎಂದರು. "ನಮ್ಮತ್ತೆ ಆರಿಸಿದ್ದು ಸರ್." "ಅವರೇನು ಓದಿದ್ದಾರೆ?" "ಓದಿಲ್ಲ ಸರ್. ಐದು ಕಾಲೇಜು ಸುತ್ತಿ, ಮಕ್ಕಳನ್ನ ಕೇಳಿ, ಪಾಠ ಕೇಳಿಸಿಕೊಂಡು ಆರಿಸಿದರು" ಎಂದೆ. ರಾಟೆಯ ಕಥೆಯನ್ನೂ ಹೇಳಿದೆ. ಆ ಕೋಣೆಯಲ್ಲಿದ್ದ ಮೂವರೂ ಬಿದ್ದುಬಿದ್ದು ನಕ್ಕರು. ಪ್ರೊಫೆಸರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಒಂದು ದಿನ ಅವರನ್ನ ಕರೆದುಕೊಂಡು ಬಾಮ್ಮ. ನಮ್ಮ ಡಿಪಾರ್ಟ್‌ಮೆಂಟು ಹೇಗಿದೆ ಅಂತ ಅವರು ನೋಡಿ ಹೇಳಲಿ" ಎಂದರು.

ನೀನು ಹೋಗಿ ಆರು ತಿಂಗಳಾಯಿತು ಎಂದು ಹೇಳಬೇಕಿತ್ತು. ಬಾಯಿ ಬರಲಿಲ್ಲ ಅತ್ತೆ. "ಆಗಲಿ ಸರ್" ಎಂದು ಬಂದುಬಿಟ್ಟೆ. ತಪ್ಪಾಯಿತಾ?

ನಿನ್ನೆ ಬಂದದ್ದು ಸೀಟಿನ ಕಾಗದ. ಹಾಸ್ಟೆಲ್ಲೂ ಕೊಟ್ಟಿದ್ದಾರೆ. ಅಪ್ಪ ಅದನ್ನು ಮೂರು ಸಲ ಓದಿಸಿಕೊಂಡು, ನೀಲಗಿರಿ ಎಲೆಯ ವಾಸನೆಯ ತಮ್ಮ ಹಳೆಯ ಟ್ರಂಕನ್ನು ತಾವೇ ಒರೆಸಿ ನನಗೆ ಕೊಟ್ಟಿದ್ದಾರೆ. ಸೋಮವಾರ ಹೊರಡುತ್ತೇನೆ.

ನಿನ್ನ
ಸುಶೀಲ