ತೆಂಗಿನಕಾಯಿಗೆ ಹೆದರಿ ನಿಂತ ಹಡಗು

ಹೊಸಕೋಡಿ ಬಂದರು,
ಇಸವಿ ೨೧೯೧, ನೂಲಹುಣ್ಣಿಮೆಯ ಮರುದಿನ

ಮುತ್ತಜ್ಜನ ಮುತ್ತಜ್ಜನಿಗೆ, ಮತ್ತು ಅವರೊಡನೆ ಈಗ ಬಂದರಿನಲ್ಲಿ ದುಡಿಯುತ್ತಿರುವ ಎಲ್ಲರಿಗೂ ಶೀನ ಮೊಗವೀರ ಮಾಡುವ ನಮಸ್ಕಾರಗಳು.

ಇನ್ನೂ ಹುಟ್ಟದವನಿಂದ ಕಾಗದ ಬಂತೆಂದು ಗಾಬರಿಯಾಗಬೇಡಿ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವನು. ಆದರೂ ಕಾಗದ ಬರೆಯುವುದರಲ್ಲಿ ಈ ಕರಾವಳಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಅದು ಕಾಲದ ತಪ್ಪು.

ನಮ್ಮ ಬಂದರನ್ನು ನಡೆಸುವುದು ಬಂದರುಮತಿ. ಅದು ಯಂತ್ರದ ಬುದ್ಧಿ; ಅದಕ್ಕೆ ಮೊದಲ ಪಾಠ ಹೇಳುತ್ತಿರುವವರು ನೀವೇ ಎಂದು ಕೇಳಿದ್ದೇನೆ. ಈಗ ಹಡಗುಗಳಲ್ಲಿ ಮನುಷ್ಯರಿಲ್ಲ. ಬಂದರುಮತಿ ಕರೆದರೆ ಒಳಗೆ ಬರುತ್ತವೆ, ಬೇಡವೆಂದರೆ ಹೊರಗೆ ನಿಲ್ಲುತ್ತವೆ. ಸರಕಿನ ಪೆಟ್ಟಿಗೆಗಳಿಗೆ ಕಾಲು ಬಂದಿದೆ. ನಾವು ಅವನ್ನು ನಡೆಪೆಟ್ಟಿಗೆ ಎನ್ನುತ್ತೇವೆ. ಕ್ರೇನಿನಿಂದ ಇಳಿದೊಡನೆ ಏಡಿಗಳ ಹಾಗೆ ಅಡ್ಡಡ್ಡ ನಡೆದು ಗೋದಾಮು ಸೇರುತ್ತವೆ. ದಾರಿಯಲ್ಲಿ ದನ ಮಲಗಿದ್ದರೆ ಏಳುವ ತನಕ ನಿಂತಿರುತ್ತವೆ. ಮೂಟೆ ಹೊತ್ತು ಬೆನ್ನು ಮುರಿದುಕೊಂಡವರು ನಮ್ಮಲ್ಲಿ ಒಬ್ಬರೂ ಇಲ್ಲ. ಆದ್ದರಿಂದ ಯಂತ್ರ ತರಬೇಡಿ ಎಂದು ನಾನು ಹೇಳುತ್ತಿಲ್ಲ. ತನ್ನಿ.

ನೂಲಹುಣ್ಣಿಮೆಗೆ ನಾವು ಈಗಲೂ ಸಮುದ್ರಪೂಜೆ ಮಾಡಿ, ಮನೆಗೊಂದರಂತೆ ತೆಂಗಿನಕಾಯಿ ಕಡಲಿಗೆ ಎಸೆಯುತ್ತೇವೆ. ಎಸೆದ ಕಾಯಿಯನ್ನು ಹುಡುಗರು ಈಜಿ ಹಿಡಿಯುವುದೂ ನಿಮ್ಮ ಕಾಲದ ಹಾಗೆಯೇ. ಅಂದು ಬಂದರಿಗೆ ರಜೆ; ನೀವು ಹಾಕಿಕೊಟ್ಟ ರೂಢಿ. ಈ ವರ್ಷ ಆ ರಜೆ ತಪ್ಪಿತು. ನನ್ನ ಅಕ್ಕ ಕುಸುಮ ಆಸ್ಪತ್ರೆಯಲ್ಲಿದ್ದಳು. ಅವಳ ಜೀವ ಉಳಿಸುವ ಔಷಧಿ ಅಂದೇ ಬರುವ ಹಡಗಿನಲ್ಲಿತ್ತು. ಬಂದರಿನ ಮೇಲ್ವಿಚಾರಕಿ ಅಕ್ಕನ ಮಗಳು ಜಲಜಾಕ್ಷಿ. ಅವಳು ರಜೆಯನ್ನೇ ರದ್ದು ಮಾಡಿದಳು.

ಕೆಲಸದ ದಿನ ಯಾರೂ ನೀರಿಗಿಳಿಯುವಂತಿಲ್ಲ. ನೀರಿನಲ್ಲಿ ಮನುಷ್ಯ ಕಂಡರೆ ಬಂದರುಮತಿ ಎಲ್ಲವನ್ನೂ ನಿಲ್ಲಿಸುತ್ತದೆ. ಪೂಜೆ ನಡೆಯಿತು, ಹುಡುಗರು ಮಾತ್ರ ದಂಡೆಯಲ್ಲೇ ಉಳಿದರು. ಹಿಡಿಯುವವರಿಲ್ಲದೆ ಕಾಯಿಗಳೆಲ್ಲ ತೇಲುತ್ತಾ ಹಡಗು ಬರುವ ಅಳಿವೆಯ ಬಾಯಿಗೆ ಸೇರಿದವು. ಪ್ರತಿ ನೂಲಹುಣ್ಣಿಮೆಗೂ ರಜೆಯಲ್ಲಿ ಕಣ್ಣು ಮುಚ್ಚಿಕೊಂಡಿರುತ್ತಿದ್ದ ಬಂದರುಮತಿ ಅಂಥದ್ದನ್ನು ಒಮ್ಮೆಯೂ ಕಂಡದ್ದಿಲ್ಲ. ಗೊತ್ತಿಲ್ಲದ ಗುಂಡು ವಸ್ತುಗಳೆಂದು ಹೆದರಿ ಹಡಗನ್ನು ಹೊರಗೇ ನಿಲ್ಲಿಸಿತು. ಔಷಧಿ ತರಲು ದೋಣಿಯನ್ನೂ ಬಿಡಲಿಲ್ಲ. ಪೂಜೆಯ ಕಾಯಿ ಎಂದು ಜಲಜಾಕ್ಷಿ ಬೇಡಿಕೊಂಡರೂ ಅದಕ್ಕೆ ನಂಬಿಕೆ ಬರಲಿಲ್ಲ.

ನಾನು ಪಂಚೆ ಎತ್ತಿ ಕಟ್ಟಿದೆ.

"ಮಾವ, ಸುಮ್ನೆ ಕೂಕಣಿ! ನೀರಿಗ್ ಇಳ್ದ್ರೆ ಬಂದರ್ ನಿಂತ್ ಹೋತ್ತ್!" ಎಂದಳು ಜಲಜಾಕ್ಷಿ.

"ನಿಂತದ್ ಮತ್ತೊಂದ್ ಸಲ ನಿಲ್ಲೂದ್ ಹ್ಯಾಂಗೆ, ಮಾರಾಯ್ತಿ?"

ಅವಳು ಚಪ್ಪಲಿ ಬಿಟ್ಟು ನನಗಿಂತ ಮೊದಲೇ ಹಾರಿದಳು. ಹಿಂದೆಯೇ ಇಡೀ ಕೇರಿ ನೀರಿಗಿಳಿಯಿತು. ಮೀನು ಮಾರುವ ಬುಡ್ಡಕ್ಕ ದಂಡೆಯಿಂದ ಕೂಗಿದಳು: "ಶೀನಾ, ಹೊಟ್ಟಿ ಒಳಗ್ ಎಳ್ಕೊ! ಯಂತ್ರ ನಿನ್ನೂ ಹಡ್ಗ ಅಂದ್ಕಂಡೀತ್!"

ಹೆಚ್ಚು ಕಾಯಿ ಹಿಡಿದವನು ನಾನೇ. ಜಲಜಾಕ್ಷಿ ಒಪ್ಪುವುದಿಲ್ಲ, ಮೇಲ್ವಿಚಾರಕಿಯರ ಮಾತು ಬಿಡಿ. ಕಾಯಿಗಳೆಲ್ಲ ದಡ ಸೇರಿದವು, ಜನವೂ ಹತ್ತಿದರು, ಆದರೂ ಹಡಗು ಅಲುಗಲಿಲ್ಲ. ನೋಡಿದರೆ ನಾನು ಸುಸ್ತಾಗಿ ಇನ್ನೂ ಅಂಗಾತ ತೇಲುತ್ತಿದ್ದೆ. ಹಗ್ಗ ಎಸೆದು ನನ್ನನ್ನು ಎಳೆದುಕೊಂಡ ಮೇಲೆಯೇ ಬಂದರುಮತಿಗೆ ಸಮಾಧಾನ. ಔಷಧಿ ಆಸ್ಪತ್ರೆ ಮುಟ್ಟುವಾಗ ಅಕ್ಕನಿಗೆ ಮಾತು ನಿಂತಿತ್ತು. ಇವತ್ತು ಬೆಳಿಗ್ಗೆ ಎದ್ದು, ಗಂಜಿಗೆ ಉಪ್ಪು ಸಾಲದೆಂದು ನರ್ಸನ್ನು ಬೈದಳಂತೆ.

ನಿಮ್ಮಲ್ಲಿ ಒಂದೇ ಕೋರಿಕೆ. ಬಂದರುಮತಿ ನಿಮ್ಮ ಕೈಯಲ್ಲಿ ಈಗ ಎಳೆಗೂಸು. ಅದಕ್ಕೆ ಕೆಲಸದ ದಿನಗಳನ್ನಷ್ಟೇ ತೋರಿಸುತ್ತೀರಿ; ಹಬ್ಬದ ದಿನ ಅದರ ಕಣ್ಣು ಮುಚ್ಚಿಸಿ ನೀವು ಮಾತ್ರ ಕಡಲಿಗೆ ಹೋಗುತ್ತೀರಿ. ಈ ನೂಲಹುಣ್ಣಿಮೆಗೆ ಹಡಗಿಗೆ ರಜೆ ಕೊಡಿ, ಬಂದರುಮತಿಗೆ ಕೊಡಬೇಡಿ. ನೀವು ಕಾಯಿ ಎಸೆಯುವುದನ್ನು, ಮಕ್ಕಳು ಹಾರುವುದನ್ನು ಅದೂ ನೋಡಲಿ. ನಾನು ಇನ್ನೂ ಹತ್ತು ಸಲ ನೀರಿಗೆ ಬೀಳಬಲ್ಲೆ. ಅಕ್ಕ ಇನ್ನೊಂದು ಸಲ ಕಾಯಲಾರಳು.

ಇಂತಿ ನಿಮ್ಮ ಕುಡಿ,
ಶೀನ