ನಗಾರಿ ಗಂಟಲಿನ ಮಗ

ಜೂನ್ 3, ಬೆಳಿಗ್ಗೆ 6.40
ಇಂದೂ ಅದೇ. ಬಚ್ಚಲ ಬಾಗಿಲವರೆಗೆ ವಾಕರ್. ಮುಂದಿನ ಮೂರು ಹೆಜ್ಜೆಗೆ ನನ್ನ ತೋಳು. ಗೋಡೆಗೆ ಸ್ಟೀಲಿನ ಹಿಡಿ, ಕಾಲಡಿ ರಬ್ಬರ್ ಮ್ಯಾಟ್, ಕಮೋಡಿಗೆ ಎತ್ತರದ ಸೀಟು — ರಂಗಸಜ್ಜಿಕೆ ಭರ್ಜರಿ! ನಾಯಕಿಗೆ ಮಾತ್ರ ಮುನಿಸು.

ಅಮ್ಮನ ಸೊಂಟದ ಆಪರೇಷನ್ ಆಗಿ ಆರು ವಾರ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದಿದ್ದಾರೆ ಡಾಕ್ಟರ್. ಹಾಗಾಗಿ ಚಿಲಕ ಹಾಕುವಂತಿಲ್ಲ. ಬಾಗಿಲಾಚೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ. ಕೇಳುತ್ತಲೇ ಇರುತ್ತೇನೆ.

"ಅಮ್ಮಾ, ಕೂತೆಯಾ? ಆಯ್ತಾ? ಇವತ್ತು ಸಲೀಸಾಗಿ ಆಯ್ತಾ?"

"ಕಿರುಚಬೇಡ ಕಣೋ. ಮುರಿದಿರೋದು ಸೊಂಟ, ಕಿವಿಯಲ್ಲ."

ಏನು ಮಾಡಲಿ! ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದ ಗಂಟಲು, ನಗಾರಿ. ಈಗ ಬಸ್ ನಿಲ್ದಾಣದಲ್ಲಿ ಅನೌನ್ಸರ್. ಮೈಕ್ ಕೆಟ್ಟ ದಿನವೂ ಯಾರಿಗೂ ಬಸ್ ತಪ್ಪಿದ್ದಿಲ್ಲ.

ಜೂನ್ 6
ಫಿಸಿಯೋಥೆರಪಿಗೆ ಹೊರಟಿದ್ದೆವು. ಮೆಟ್ಟಿಲಲ್ಲಿ ಮೇಲ್ಮನೆಯ ಮೇಷ್ಟ್ರು.

"ಏನಮ್ಮಾ, ಇವತ್ತು ಸಲೀಸಾಯ್ತಂತೆ? ನಿನ್ನೆ ಪಾಪ, ಬಹಳ ಹೊತ್ತು ಹಿಡೀತು..."

ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಬಚ್ಚಲಿನ ಗಾಳಿಕಿಂಡಿ ನೇರ ಅವರ ಅಡುಗೆಮನೆ ಕಿಟಕಿಗೆ... ಅಮ್ಮ ನಕ್ಕಳು. ವಿಷದ ಬಟ್ಟಲು ಕೈಗೆತ್ತಿಕೊಂಡ ರಾಣಿಯ ನಗು.

ಜೂನ್ 9
ಅಮ್ಮ ಈಗ ಬಚ್ಚಲಿಗೆ ಹೋಗುವುದು ದಿನಕ್ಕೆ ಎರಡೇ ಸಲ. ಸುಧಾರಿಸಿತು ಎಂದು ಅಕ್ಕನಿಗೆ ಫೋನಿನಲ್ಲಿ ಜಂಭ ಕೊಚ್ಚಿದೆ.

ಜೂನ್ 14, ಮಧ್ಯಾಹ್ನ 1.30
ಆಸ್ಪತ್ರೆಯ ಬೆಂಚು.

ಬೆಳಿಗ್ಗೆ ಮಂಚದಿಂದ ಏಳುವಾಗಲೇ ಅಮ್ಮನಿಗೆ ಕಣ್ಣು ಕತ್ತಲೆ ಬಂತು. ಬಿದ್ದಳು — ನನ್ನ ಮೇಲೆ. ಮೂಳೆ ಉಳಿಯಿತು. ಆದರೆ ಮೈಯಲ್ಲಿ ನೀರಿಲ್ಲ, ಮೂತ್ರದಲ್ಲಿ ಸೋಂಕು. ಮನೆಗೆ ಬಟ್ಟೆ ತರಲು ಹೋದ ಅಕ್ಕ ಫೋನ್ ಮಾಡಿದಳು.

"ಕಿಟಕಿ ಕುಂಡದ ಗಿಡ ಕೊಳೆತು ನಾರ್ತಿದೆ. ನೀನು ಕೊಟ್ಟ ನೀರೆಲ್ಲ ಅದಕ್ಕೇ ಸುರಿದಿದ್ದಾಳೆ. ಇನ್ನೂ ಡಂಗುರ ಸಾರು, ಊರಿಗೆಲ್ಲ!"

ಜೂನ್ 18
ಮನೆ. ಯಾಕಮ್ಮಾ ಎಂದೆ.

"ಕುಡಿದ್ರೆ ಹೋಗ್ಬೇಕು. ಹೋದ್ರೆ ನೀನು ಸಾರ್ತೀಯ."

ಇನ್ನು ಮೇಲೆ ಮೆಲ್ಲಗೆ ಕೇಳುತ್ತೇನೆಂದು ಪಿಸುಗುಟ್ಟಿದೆ.

"ಅದು ಕೊನೇ ಸಾಲಿನವರಿಗೂ ಕೇಳ್ಸೋ ಪಿಸುಮಾತು. ಬಾಯಿ ಮುಚ್ಚು. ಕೈ ಕೊಡು, ಹೇಳ್ಕೊಡ್ತೀನಿ."

ಮೂವತ್ತು ವರ್ಷ ಕಂಪನಿಯ ಬಣ್ಣದ ಮನೆಯಲ್ಲಿ ವೇಷ ತೊಡಿಸಿದವಳು ಅಮ್ಮ. ಮೀಸೆ ಬೋಳಿಸಿದ ಗಂಡಸರನ್ನು ರಾಣಿಯರನ್ನಾಗಿ ಮಾಡಿದವಳು. ಒಬ್ಬನೂ ಅವಳೆದುರು ನಾಚಿಕೊಂಡದ್ದಿಲ್ಲ.

"ಎದುರು ನಿಲ್ಬಾರ್ದು, ಪಕ್ಕಕ್ಕೆ. ಬಟ್ಟೆ ಎತ್ತೋ ಮುಂಚೆ ತೊಡೆ ಮೇಲೆ ಟವೆಲ್. ಕಣ್ಣು ಗೋಡೆ ಮೇಲೆ, ಕೈ ಕೆಲಸದ ಮೇಲೆ. ಮೊಣಕೈ ಒತ್ತಿದ್ರೆ ಏಳ್ತೀನಿ ಅಂತ ಅರ್ಥ. ಮಾತೇ ಬೇಡ."

ಜೂನ್ 21
ಮೂರು ದಿನದಿಂದ ಮೂಕಿ ಪ್ರದರ್ಶನ. ಒಮ್ಮೆಯೂ ಜಾರಿಲ್ಲ. ಆದರೂ ಅಮ್ಮ ಗುಟುಕಷ್ಟೇ ಕುಡಿಯುತ್ತಾಳೆ. ಬೇಕೆಂದು ಬಾಯಿಬಿಟ್ಟು ಕರೆಯುವುದೂ ಇಲ್ಲ. ನಾನೇ ಮುಖ ನೋಡಿ ಊಹಿಸಬೇಕು. ನಾಳೆ ಸಂಜೆಯೊಳಗೆ ಸರಿಯಾಗಿ ನೀರು ಕುಡಿಯದಿದ್ದರೆ ಮತ್ತೆ ಅಡ್ಮಿಟ್ ಮಾಡಿ ಡ್ರಿಪ್ ಹಾಕುತ್ತಾರೆ.

ಜೂನ್ 22, ಬೆಳಿಗ್ಗೆ 10.10
ತುಂಬಿದ ಲೋಟ ಕೊಟ್ಟೆ. ಒತ್ತಾಯ ಮಾಡಲಿಲ್ಲ. ನನ್ನನ್ನೇ ದಿಟ್ಟಿಸುತ್ತ ತಳ ಕಾಣುವವರೆಗೆ ಕುಡಿದಳು. ಇನ್ನೊಂದು ಲೋಟ. ಅದೂ!

10.50
ಗ್ರಹಚಾರ. ಮೇಷ್ಟ್ರು ಬಂದರು, ಯೋಗಕ್ಷೇಮಕ್ಕೆ. ಕುರ್ಚಿ ಎಳೆದು ಕೂತಿದ್ದಾರೆ. ಏಳುವ ಲಕ್ಷಣವಿಲ್ಲ. ಅಮ್ಮ ನೈಟಿಯ ಅಂಚು ಹಿಂಡುತ್ತಿದ್ದಾಳೆ. ಗೊತ್ತಾಯಿತು. ಕೇಳಿದರೆ ಸಾರಿದಂತೆ. ಸುಮ್ಮನಿದ್ದರೆ ಮಂಚದ ಮೇಲೇ... ಬಾಯಿ ಕಟ್ಟಿಕೊಳ್ಳಲೆಂದೇ ಮೂಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಂಚು ಬಿಟ್ಟಳು. ತಲೆ ಎತ್ತಿದಳು. ಮಹಡಿಗೂ ಕೇಳುವ ದನಿ —

"ಮೇಷ್ಟ್ರೇ, ಒಂದ್ನಿಮಿಷ ಕೂತಿರಿ. ನಾನು ಒಂದಕ್ಕೆ ಹೋಗ್ಬೇಕು. ಏ, ಆಮೇಲೆ ಬರಿ, ಬಾರೋ ಇಲ್ಲಿ —"

ಬಂದೆ ಅಮ್ಮ, ಬಂ